ಲೋಟಕ್ಕೆ ಹತ್ತು ಸುತ್ತು

ಇದು ನಡೆದ ಸಂಗತಿ, ಒಂದು ಚಿಟಿಕೆ ಮಸಾಲೆಯನ್ನೂ ಬೆರೆಸಿಲ್ಲ. ಯಾರ ದನಿಯನ್ನಾದರೂ ಅನುಕರಿಸಬಲ್ಲ ಗುರುಪಾದನಿಗೆ ಅಣ್ಣ ನಾಗಭೂಷಣನೇ ಕಾಯಂ ಬಕರಾ.

ಮಲದಲ್ಲಿ ರಕ್ತ ಕಂಡಿದ್ದರಿಂದ ಅಣ್ಣನ ಕರುಳಿಗೆ ಕ್ಯಾಮೆರಾ ಇಳಿಸಿ ನೋಡುವುದೆಂದು ನಿಗದಿಯಾಗಿತ್ತು. ಕ್ಯಾನ್ಸರೇ ಇರಬೇಕೆಂದು ಬೆವರುತ್ತಾ ಅವನು ಹಿಂದಿನ ದಿನ ಭೇದಿಯ ಪುಡಿ ಕಲಸಿದ ನೀರು ಕುಡಿಯುತ್ತಿದ್ದಾಗ ಫೋನ್ ಬಂತು. ಮಹಡಿಯ ಮೇಲೆ ಗೆಳೆಯನ ಮೊಬೈಲ್ ಹಿಡಿದು ಕೂತಿದ್ದ ಗುರುಪಾದ, ಡಾಕ್ಟರ ಗೊಗ್ಗರು ದನಿ ತೆಗೆದ: "ಒಂದೊಂದು ಲೋಟಕ್ಕೂ ಹಾಲ್‌ನಲ್ಲಿ ಹತ್ತು ಸುತ್ತು ಹಾಕ್ಬೇಕು. ಎರಡೂ ಕೈ ಮೇಲೆತ್ಕೊಂಡು!"

ಅಣ್ಣ ಎಂಟು ಲೋಟ ಕುಡಿದು ಎಂಬತ್ತು ಸುತ್ತು ಹಾಕಿದ. ನಡುನಡುವೆ ಬಚ್ಚಲಿಗೆ ಓಡುವಾಗಲೂ ಕೈ ಇಳಿಸಲಿಲ್ಲ.

ವಾರದ ಮೇಲೆ ಅಣ್ಣ, ಅತ್ತಿಗೆ, ಗುರುಪಾದ ಮೂವರೂ ಆಸ್ಪತ್ರೆಗೆ ಹೋದಾಗ ಡಾಕ್ಟರು ರಿಪೋರ್ಟ್ ನೋಡಿದರು. "ಕ್ಯಾನ್ಸರಲ್ಲ ರೀ. ಪಾಲಿಪ್ ಅಂತ, ಸಣ್ಣ ಗಂಟು. ಬಿಟ್ಟಿದ್ರೆ ಮುಂದೆ ಕ್ಯಾನ್ಸರ್ ಆಗ್ಬಹುದಿತ್ತು. ಅವತ್ತೇ ತೆಗೆದುಬಿಟ್ವಲ್ಲ."

ಅಣ್ಣ ಕೈ ಮುಗಿದ. "ಎಲ್ಲಾ ನೀವು ಹೇಳಿದ ಸುತ್ತಿನ ಪುಣ್ಯ ಸಾರ್."

"ಯಾವ ಸುತ್ತು?"

ಗುರುಪಾದ ಕಿಸಕ್ಕನೆ ನಕ್ಕ. ಅತ್ತಿಗೆ ಬಾಯಿಗೆ ಸೆರಗು ಇಟ್ಟುಕೊಂಡರು.

"ಲೇ, ನೀನೇನೋ ಆ ಡಾಕ್ಟರು!" ಎಂದು ಅಣ್ಣ ಕಿವಿ ಹಿಂಡಿದ.

ಡಾಕ್ಟರು ಕನ್ನಡಕ ಸರಿಪಡಿಸಿಕೊಂಡರು. "ಇವರು ನಿಮ್ಮ ಸ್ವಂತ ತಮ್ಮನಾ? ವಯಸ್ಸು?"

"ನಲವತ್ತೆಂಟು ಸಾರ್."

"ಹಾಗಾದ್ರೆ ಇವರಿಗೂ ಟೆಸ್ಟ್ ಆಗ್ಲಿ. ಇಂಥ ಪಾಲಿಪ್ ಒಡಹುಟ್ಟಿದವರಲ್ಲೂ ಇರಬಹುದು, ನೋವೂ ಗೊತ್ತಾಗಲ್ಲ. ನಾಳೆನೇ ಪುಡಿ ಕುಡೀಲಿ."

ಗುರುಪಾದನ ನಗು ನಿಂತಿತು. ಆಸ್ಪತ್ರೆಯೇ ತಿರುಗಿ ನೋಡುವಷ್ಟು ಜೋರಾಗಿ ನಕ್ಕವನು ನಾಗಭೂಷಣ: "ನೀನು ಕುಡಿಯೋ ಗುರೂ, ಸುತ್ತು ಎಣಿಸೋಕೆ ನಾನಿದ್ದೀನಿ!"