ಒಂದೇ ಉಸಿರಿನ ಪ್ರಕಟಣೆ

"ಪ್ರಯಾಣಿಕರ ಗಮನಕ್ಕೆ! ತೂಕ ಅರವತ್ತೆಂಟು ಕಿಲೋ... ಕಾಲು ಊದಿಲ್ಲ... ಒಂದೇ ದಿಂಬಿನ ಮೇಲೆ... ಸುಖನಿದ್ರೆ. ನಿಮಗಾದ ಅಡಚಣೆಗೆ... ವಿಷಾದಿಸುತ್ತೇವೆ!"

ಸ್ಪೀಕರಿಗೆ ಹಾಕಿದ್ದ ಫೋನಿನ ಸುತ್ತ ನಿಂತವರೆಲ್ಲ ನಕ್ಕರು. ರೈಲು ನಿಲ್ದಾಣದ ಮೈಕಿನ ಮುಂದೆ ಆಯುಷ್ಯ ಕಳೆದಿದ್ದ ಅನೌನ್ಸರ್ ಮಾಮ ದಿನಾ ಬೆಳಗ್ಗೆ ಹೃದ್ರೋಗ ಕ್ಲಿನಿಕ್ಕಿಗೆ ತಮ್ಮ ವರದಿ ಒಪ್ಪಿಸುತ್ತಿದ್ದುದು ಹೀಗೆಯೇ. ಚಹಾ ಲೋಟ ಹಿಡಿದು ಹಾದುಹೋಗುತ್ತಿದ್ದ ಡಾಕ್ಟರಮ್ಮ ಮಾತ್ರ ನಗಲಿಲ್ಲ.

"ಇದನ್ನ ಅವರು ಒಂದೇ ಉಸಿರಲ್ಲಿ ಹೇಳ್ತಿದ್ರಲ್ವಾ?"

ನರ್ಸಿನ ನಗು ಅರ್ಧಕ್ಕೇ ನಿಂತಿತು. "ಹೌದಲ್ವಾ ಮೇಡಂ..."

"ಈಗಲೇ ಕರೆಸಿ."

ಮಾಮ ಹೆಂಡತಿಯ ಭುಜ ಹಿಡಿದುಕೊಂಡು ಬಂದರು. ಪಾದ ಚಪ್ಪಲಿಯೊಳಗೆ ಹಿಡಿಸದೆ ಹಿಮ್ಮಡಿ ಹೊರಗಿತ್ತು. ಡಾಕ್ಟರಮ್ಮ ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿದರು. ಗುಳಿ ಬಿದ್ದದ್ದು ಏಳಲೇ ಇಲ್ಲ. ಮೈಯಲ್ಲಿ ನೀರು ತುಂಬಿತ್ತು. ತೂಕದ ಮಿಷನ್ನು ಎಪ್ಪತ್ತಮೂರು ತೋರಿಸಿತು.

"ಅರವತ್ತೆಂಟು ಅಂದ್ರಲ್ಲ ಮಾಮ?"

"ನಿಮ್ಮ ಮಿಷನ್ನಿಗೆ... ನನ್ನ ಕಂಡ್ರೆ ಹೊಟ್ಟೆಕಿಚ್ಚು."

"ವಾರದಿಂದ ನಿಮ್ಮ ಮುಂದೆ ರೈಲು ಬಿಡ್ತಿದ್ದಾರೆ ಡಾಕ್ಟ್ರೇ," ಎಂದರು ಹೆಂಡತಿ. "ಮನೇಲಿರೋ ಮಿಷನ್ನು ಮಂಚದ ಕೆಳಗೆ ಸೇರಿದೆ. ಇವರು ಮಲಗೋಕಾಗದೆ ಕುರ್ಚೀಲೇ ಕೂತಿರ್ತಾರೆ. ಬಾಯಿ ಬಿಟ್ಟರೆ ನೋಡು ಅಂತ ನನಗೇ ಗದರಿಕೆ ಬೇರೆ!"

"ಯಾಕೆ ಮಾಮ?"

ಮಾಮ ಬಾಗಿಲಾಚೆಯ ಗೋಡೆಯ ಫೋಟೋಗಳತ್ತ ಬೆರಳು ತೋರಿಸಿದರು. ಮೊದಲೆಲ್ಲ ವಿಮಾ ಕಂಪನಿಯಿಂದ ಈ ಕ್ಲಿನಿಕ್ಕಿಗೆ ಮಾಡಿದ ಪರೀಕ್ಷೆಗಿಷ್ಟು, ಆಸ್ಪತ್ರೆಗೆ ಸೇರಿಸಿದ ರೋಗಿಗಿಷ್ಟು ಎಂದು ಹಣ ಸಂದಾಯವಾಗುತ್ತಿತ್ತು. ಈಗ ಲೆಕ್ಕ ತಿರುಗಿತ್ತು: ರೋಗಿ ಮನೆಯಲ್ಲೇ ನೆಟ್ಟಗಿದ್ದರೆ ಕ್ಲಿನಿಕ್ಕಿಗೆ ಲಾಭ, ಆಸ್ಪತ್ರೆ ಸೇರಿದರೆ ಖೋತಾ. ಒಳ್ಳೆಯ ಪದ್ಧತಿಯೆಂದು ಡಾಕ್ಟರಮ್ಮ ಮನಸಾರೆ ನಂಬಿದ್ದರು. ವರ್ಷವಿಡೀ ಆಸ್ಪತ್ರೆಯ ಮೆಟ್ಟಿಲು ಹತ್ತದವರ ಫೋಟೋಗಳನ್ನು ಗೋಡೆಗೆ ಹಾಕಿಸಿದ್ದರು. 'ನಮ್ಮ ಗಟ್ಟಿ ಹೃದಯಗಳು' ಎಂಬ ತಲೆಬರಹದ ಕೆಳಗೆ ಮೊದಲ ಫೋಟೋ ಮಾಮನದೇ.

"ಅವತ್ತು ಫೋಟೋ ಹಾಕುವಾಗ ನೀವೇ ಅಂದ್ರಲ್ಲಮ್ಮಾ..." ಮಾಮ ಗಂಟಲು ಸರಿಮಾಡಿಕೊಂಡರು. ಹೊರಬಿದ್ದದ್ದು ಥೇಟ್ ಡಾಕ್ಟರಮ್ಮನ ದನಿ. ಉಸಿರು ಮಾತ್ರ ಮಾಮನದು. "'ನೀವು ಅಡ್ಮಿಟ್ ಆಗದೇ ಇದ್ರೆ... ಅದೇ ನಮ್ಮ... ಗೆಲುವು!' ಹಾಗಂದಮೇಲೆ ನಾನೇ ಹೋಗಿ ಮಲಗಿ... ನಿಮ್ಮನ್ನ ಸೋಲಿಸಲಾ?"

ಯಾವಾಗಲೂ ಮಾಮನ ಮಿಮಿಕ್ರಿಗೆ ಮೊದಲು ಚಪ್ಪಾಳೆ ತಟ್ಟುತ್ತಿದ್ದವರು ಡಾಕ್ಟರಮ್ಮನೇ. ಇಂದು ಅವರ ಕೈ ಮಾಮನ ನಾಡಿ ಬಿಡಲಿಲ್ಲ.

"ಇನ್ನೆರಡು ದಿನ ಹೀಗೇ ಇದ್ದಿದ್ರೆ..." ಎಂದವರು ಹೆಂಡತಿಯ ಮುಖ ನೋಡಿ ಉಳಿದದ್ದನ್ನು ನುಂಗಿಕೊಂಡರು. ಗಾಲಿಕುರ್ಚಿಯನ್ನು ತಾವೇ ಎಳೆದು ತಂದರು. "ಕೂತ್ಕೊಳ್ಳಿ. ಇವತ್ತು ನಾನು ಸೋಲ್ತೀನಿ."

"ಫೋಟೋ ಇಳಿಸ್ತೀರಾ?"

"ಮೊದಲು ನೀವು ಮಂಚ ಹತ್ತಿ."

ಮಾಮನನ್ನು ಎದುರಿನ ಆಸ್ಪತ್ರೆಗೆ ಸೇರಿಸಿ, ಮೂಗಿಗೆ ಆಕ್ಸಿಜನ್ ಹತ್ತಿಸಿದ್ದನ್ನು ಕಣ್ಣಾರೆ ನೋಡಿಕೊಂಡು ಡಾಕ್ಟರಮ್ಮ ವಾಪಸಾದರು. ಮೊಳೆಯಿಂದ ಫೋಟೋ ಬಿಡಿಸಿದರು. ಗೋಡೆಯ ಮೇಲೆ ಉಳಿದವರು ಸಾಲಾಗಿ ನಗುತ್ತಿದ್ದರು.

"ಇವರನ್ನೆಲ್ಲ ಇವತ್ತೇ ಬರಹೇಳಿ."

"ಅವರೆಲ್ಲ ಚೆನ್ನಾಗೇ ಇದ್ದಾರಲ್ಲ ಮೇಡಂ!"

"ಯಾರು ಹೇಳಿದ್ದು?"

ನರ್ಸ್ ಫೋನು ಕೈಗೆತ್ತಿಕೊಂಡಳು. ಮೊದಲ ನಂಬರು ಒತ್ತುತ್ತಾ ಅಂದಳು:

"ಅವರೇ, ಫೋನಲ್ಲಿ."