ಹೂಕುಂಡಕ್ಕೆ ಬಿದ್ದ ಮಾತ್ರೆ

ಹೆಂಡತಿ ಒಲೆಯ ಕಡೆ ತಿರುಗಿದ್ದೇ ತಡ, ಕ್ಷೌರಿಕ ಮಾತ್ರೆಯನ್ನು ಬೆರಳ ಸಂದಿಗೆ ಸೇರಿಸಿ ಖಾಲಿ ಬಾಯಿಗೆ ಗಟಗಟ ನೀರು ಸುರಿದುಕೊಂಡ. ಮೂವತ್ತು ವರ್ಷ ಕತ್ತರಿ ಆಡಿಸಿದ ಬೆರಳುಗಳಿಗೆ ಇದೇನು ದೊಡ್ಡ ಕೆಲಸವಲ್ಲ.

"ನುಂಗಿದ್ರಾ?"

"ಆಗ್ಲೇ ಆಯ್ತು ಕಣೇ."

ಬಾಲ್ಕನಿಗೆ ಹೋಗಿ ಗುಲಾಬಿ ಕುಂಡದ ಮಣ್ಣಿನಲ್ಲಿ ಮಾತ್ರೆಯನ್ನು ಒತ್ತಿದ. ಇದು ಆರನೆಯದು.

ನಾಲ್ಕು ತಿಂಗಳ ಹಿಂದೆ ಅಂಗಡಿಯಲ್ಲಿ, ಕೈಯಲ್ಲಿ ಕ್ಷೌರದ ಕತ್ತಿ ಇದ್ದಾಗಲೇ ಅವನಿಗೆ ತಲೆ ಸುತ್ತಿತ್ತು. ಗಿರಾಕಿಯ ಕೆನ್ನೆ ಕೂದಲೆಳೆಯಷ್ಟರಲ್ಲಿ ಉಳಿಯಿತು. ಬಿಪಿ ವಿಪರೀತ ಏರಿದೆ, ಮಾತ್ರೆ ಯಾವತ್ತೂ ನಿಲ್ಲಿಸಬೇಡಿ ಎಂದು ಡಾಕ್ಟರಮ್ಮ ಬರೆದುಕೊಟ್ಟರು. ಅಂಗಡಿಯಿಂದ ಕರೆ ಬಂದ ಆ ಮಧ್ಯಾಹ್ನವನ್ನು ಹೆಂಡತಿ ಇನ್ನೂ ಮರೆತಿಲ್ಲ. ಈಗಲೂ ಹಗಲು ಹೊತ್ತು ಫೋನು ಬಡಿದುಕೊಂಡರೆ ಅವಳ ಎದೆ ಧಸಕ್ಕೆನ್ನುತ್ತದೆ.

ಮೂರು ತಿಂಗಳು ಕ್ಷೌರಿಕ ಮಾತ್ರೆಯನ್ನು ಚಾಚೂ ತಪ್ಪದೆ ನುಂಗಿದ. ಆಮೇಲೆ ದಿಂಬಿನ ಮೇಲೆ ಕೂದಲು ಕಾಣತೊಡಗಿತು. ಒಂದು ದಿನ ಮೂವತ್ತೊಂದು, ಮರುದಿನ ನಲವತ್ತು. ಬೇರೆಯವರಾದರೆ ಟೋಪಿ ಹಾಕಿಕೊಂಡು ಸುಮ್ಮನಿರಬಹುದಿತ್ತು. ಇವನ ಅಂಗಡಿಯಲ್ಲಿ ಹಿಂದೊಂದು ಮುಂದೊಂದು ಕನ್ನಡಿ. ಎತ್ತ ತಿರುಗಿದರೂ ಸ್ವಂತ ನೆತ್ತಿಯೇ ಸಾಲುಸಾಲಾಗಿ ಕಾಣುತ್ತಿತ್ತು.

"ಯಜಮಾನ್ರೇ, ಮೊದ್ಲು ನಿಮ್ ತಲೆ ನೋಡ್ಕೊಳ್ಳಿ," ಎಂದು ಗಿರಾಕಿಯೊಬ್ಬ ನಕ್ಕ. ಅಂದು ಅವನಿಗೆ ಊಟ ಸೇರಲಿಲ್ಲ. ಸಂಜೆ ಮಾತ್ರೆಯ ಪೊಟ್ಟಣದೊಳಗಿನ ಚೀಟಿಯನ್ನು ಬಿಡಿಸಿ ಓದಿದ. ಅಡಿಯಲ್ಲಿ, ಇರುವೆ ಗಾತ್ರದ ಅಕ್ಷರಗಳಲ್ಲಿ: ಅಪರೂಪಕ್ಕೆ ಕೆಲವರಲ್ಲಿ ಕೂದಲು ಉದುರಬಹುದು. ಆ ಕೆಲವರು ತಾನೇ ಎಂದು ಅವನು ಆ ಕ್ಷಣವೇ ತೀರ್ಮಾನಿಸಿದ. ಡಾಕ್ಟರಮ್ಮನನ್ನು ಕೇಳಬಹುದಿತ್ತು. ಈ ವಯಸ್ಸಿನಲ್ಲಿ ಕೂದಲ ಚಿಂತೆಯೇ ಎಂದು ಅವರು ನಕ್ಕುಬಿಟ್ಟರೆ?

ಹೀಗೆ ಗುಲಾಬಿ ಗಿಡಕ್ಕೆ ಬಿಪಿಯ ಚಿಕಿತ್ಸೆ ಶುರುವಾಯಿತು.

ಭಾನುವಾರ ಹೆಂಡತಿ ಕುಂಡಗಳಿಗೆ ನೀರು ಹಾಕಿ ಒಳಗೆ ಬಂದಳು. ಕನ್ನಡಿಯ ಮುಂದೆ ನಿಂತು ಬೈತಲೆಯನ್ನು ಎಡಕ್ಕೂ ಬಲಕ್ಕೂ ಸರಿಸುತ್ತಿದ್ದ ಗಂಡನನ್ನು ತುಸು ಹೊತ್ತು ನೋಡಿದಳು. ಎಂದಿನಂತೆ ಏಳು ಗೂಡಿನ ಡಬ್ಬಿಗೆ ವಾರದ ಮಾತ್ರೆ ತುಂಬಿಸಿಟ್ಟಳು. ಮರುದಿನ ಸಂಜೆ, ತಾನು ಕೆಲಸ ಮಾಡುವ ಔಷಧದಂಗಡಿಯಿಂದ ಬರುವಾಗ ಪುಟ್ಟ ಬಾಟಲಿಯೊಂದನ್ನು ತಂದಳು.

"ಏನೇ ಇದು?"

"ಕೂದಲಿಗೆ. ನಿಮ್ಮ ಮುಖ ನೋಡೋಕಾಗ್ತಿಲ್ಲ ನಂಗೆ. ತಿಂಡಿ ಆದ್ಮೇಲೆ ಒಂದು. ಒಂದು ದಿನ ತಪ್ಪಿದ್ರೂ ಕೆಲಸ ಕೆಟ್ಟಂಗೆ."

"ತಪ್ಪಿಸ್ತೀನಾ!"

ತಪ್ಪಿಸಲಿಲ್ಲ. ಡಬ್ಬಿಯ ಮಾತ್ರೆ ಕುಂಡಕ್ಕೆ, ಬಾಟಲಿಯ ಮಾತ್ರೆ ಹೊಟ್ಟೆಗೆ. ಬಣ್ಣ ಹಚ್ಚಿದ ಕೂದಲನ್ನು ಹತ್ತು ಅಡಿ ದೂರದಿಂದಲೇ ಪತ್ತೆ ಹಚ್ಚುವ ಮಹಾನುಭಾವನಿಗೆ ಮಾತ್ರೆಗಳೆಲ್ಲ ಒಂದೇ: ಬಿಳಿ, ಗುಂಡಗೆ. ನುಂಗುವಾಗ ಕಣ್ಣು ಮುಚ್ಚಿ ತಲೆ ಮುಟ್ಟಿಕೊಳ್ಳುತ್ತಿದ್ದ ಬೇರೆ.

ಕುಂಡಕ್ಕೆ ಇರುವೆ ಮುತ್ತಿದವು. ಮೊದಲ ವಾರ ಒಂದೂ ಇರಲಿಲ್ಲ. ಈಗ ಕಂಬಿಯುದ್ದಕ್ಕೂ ದಂಡು. "ಪಾಪ, ಇವಕ್ಕೂ ಬಿಪಿ ಇರ್ಬೇಕು," ಎಂದುಕೊಂಡು, ಹೆಂಡತಿಯ ಕಣ್ಣಿಗೆ ಬೀಳದಂತೆ ಕುಂಡವನ್ನು ಮೂಲೆಗೆ ತಳ್ಳಿದ.

ದಿಂಬಿನ ಲೆಕ್ಕ ಇಳಿಯಿತು. ಮೂವತ್ತು, ಹದಿನೆಂಟು, ಒಂಬತ್ತು. ಮೂರನೆಯ ತಿಂಗಳಲ್ಲಿ ಹಣೆಯ ಮೇಲೆ ಸಣ್ಣ ಹೊಸ ಕೂದಲು ಇಣುಕಿತು. ಕ್ಷೌರಿಕ ಅಂಗಡಿಯಲ್ಲಿ ಬೀಗಿದ್ದೇ ಬೀಗಿದ್ದು. ಮೊದಲು ನಕ್ಕಿದ್ದ ಗಿರಾಕಿಯನ್ನು ಕೂರಿಸಿ, ಕನ್ನಡಿಯಲ್ಲಿ ತನ್ನ ತಲೆ ತೋರಿಸಿದ ಮೇಲೆಯೇ ಅವನ ತಲೆಗೆ ಕೈ ಹಾಕಿದ.

ತಪಾಸಣೆಯ ದಿನ ಗಂಡ ಹೆಂಡತಿ ಇಬ್ಬರೂ ಹೋದರು. ಡಾಕ್ಟರಮ್ಮ ತೋಳಿಗೆ ಪಟ್ಟಿ ಕಟ್ಟಿದರು. ಹೆಂಡತಿ ಉಸಿರು ಬಿಗಿಹಿಡಿದು ಆ ಯಂತ್ರವನ್ನೇ ನೋಡುತ್ತಿದ್ದಳು.

"ನೂರ ಇಪ್ಪತ್ತೆರಡು, ಎಂಬತ್ತು. ತುಂಬಾ ಚೆನ್ನಾಗಿದೆ. ಮಾತ್ರೆ ಹೀಗೇ ಮುಂದುವರಿಸಿ."

ಇದಕ್ಕೇ ಕಾದಿದ್ದ ಕ್ಷೌರಿಕ ಎದೆಯುಬ್ಬಿಸಿದ. "ತಪ್ಪು ತಿಳೀಬೇಡಿ ಡಾಕ್ಟ್ರೇ. ನಿಮ್ಮ ಮಾತ್ರೆ ಮುಟ್ಟಿ ಮೂರು ತಿಂಗಳಾಯ್ತು. ಅದರಿಂದ್ಲೇ ಕೂದಲು ಉದುರ್ತಿತ್ತು. ಬಿಟ್ಟೆ, ನಿಂತ್ಹೋಯ್ತು. ಕೂದಲಿನ ಮಾತ್ರೆ ಬೇರೆ ತಗೊಂಡೆ, ಬಿಪಿನೂ ಇಳೀತು!"

ಡಾಕ್ಟರಮ್ಮನ ಮುಖದ ನಗು ಮಾಯವಾಯಿತು. "ಕೇಳ್ದೆ ನಿಲ್ಸೋದಾ? ಉದುರೋದಕ್ಕೆ ಬೇರೆ ಕಾರಣಾನೂ ಇರ್ಬಹುದು. ಹೇಳಿದ್ರೆ ಮಾತ್ರೆ ಬದಲಾಯಿಸ್ತಿದ್ದೆ. ಎಲ್ಲಿ, ಆ ಕೂದಲಿನ ಮಾತ್ರೆ ಕೊಡಿ ನೋಡೋಣ."

ಅವನು ಜೇಬಿನಿಂದ ಬಾಟಲಿ ತೆಗೆದು ಒಂದು ಮಾತ್ರೆಯನ್ನು ಅವರ ಅಂಗೈಗೆ ಭಕ್ತಿಯಿಂದ ಉದುರಿಸಿದ. ಡಾಕ್ಟರಮ್ಮ ಕನ್ನಡಕ ಏರಿಸಿ ಅದರ ಮೇಲಿನ ಪುಟ್ಟ ಗುರುತನ್ನು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಅವನನ್ನು ಬಿಟ್ಟು ಅವನ ಹೆಂಡತಿಯ ಕಡೆ ನೋಡಿದರು.

"ಇದು ನಾನೇ ಬರ್ಕೊಟ್ಟ ಬಿಪಿ ಮಾತ್ರೆ ಅಲ್ವೇನಮ್ಮಾ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು: "ಹೌದು ಡಾಕ್ಟ್ರೇ, ಇನ್ನು ಡಬ್ಬಿಗೆ ಸಕ್ಕರೆ ಗುಳಿಗೆ ತುಂಬೋದು ಬೇಡ ಅನ್ಸತ್ತೆ, ಪಾಪ, ಇರುವೆಗಳಿಗೇ ಬೇಜಾರು."