ನಿಲ್ಲಿಸಿಟ್ಟ ಕಲ್ಲು

“ಗ್ಲಾಸ್ಗೊದಲ್ಲಿ ಕಂಬ ನೋಡು ಅಂದೆ, ನೋಡ್ದೆ. ಎಲ್ಗಿನ್‌ನಲ್ಲಿ ಮುರಿದ ಗೋಡೆ ನೋಡು ಅಂದೆ, ಅದನ್ನೂ ನೋಡ್ದೆ. ಇದು ಮೂರನೇದು. ಇನ್ನೆಷ್ಟು ಕ್ಯಾಥೆಡ್ರಲ್ ತಿರುಗಿಸ್ತೀಯಪ್ಪಾ? ನನ್ನ ಕಾಲು ಬಿದ್ದೋಯ್ತು!” ಶೋನಾ ಹುಲ್ಲಿನ ಮೇಲೆ ಕುಕ್ಕರಿಸಿದಳು.

“ಗ್ಲಾಸ್ಗೊದ್ದು ನಿಂತಿದೆ, ಎಲ್ಗಿನ್‌ದು ಬಿದ್ದಿದೆ. ಎರಡರಲ್ಲೂ ಕಲ್ಲು ಹೇಗೆ ಮಲಗಿತ್ತು, ಹೋಲಿಸಿ ನೋಡಿದ್ಯಾ?” ಎಂದ ಟಾರ್ಕಿಲ್. ನಲವತ್ತು ವರ್ಷ ಕಲ್ಲು ಕಡಿದ ಮನುಷ್ಯ. ಬಣ್ಣದ ಕಿಟಕಿಗಳತ್ತ ಕಣ್ಣೆತ್ತಿಯೂ ನೋಡುವವನಲ್ಲ.

“ನೋಡ್ದೆ. ನಿನ್ನ ಮಗಳಿಗೆ ಈ ಕೆಲಸ ಆಗಿಬರಲ್ಲ ಅಂತ ಗೊತ್ತಾಯ್ತು.”

ಅವಳ ಜೇಬಿನಲ್ಲಿ ರಾಜೀನಾಮೆ ಪತ್ರವಿತ್ತು. ಅಪ್ಪನಿಗೆ ಹೇಳಿಯಾಗಿತ್ತು, ಸೋಮವಾರ ಮೇಸ್ತ್ರಿಗೆ ಕೊಡುವುದೊಂದೇ ಬಾಕಿ. ಮರಳುಗಲ್ಲು ಗಣಿಯಲ್ಲಿ ಪದರ ಪದರವಾಗಿ ಮಲಗಿರುತ್ತದೆ. ಗೋಡೆಯಲ್ಲೂ ಹಾಗೆಯೇ ಮಲಗಿಸಬೇಕು. ಪದರ ನಿಲ್ಲುವಂತೆ ಕೂರಿಸಿದರೆ ಕಾಲಕ್ರಮೇಣ ಈರುಳ್ಳಿ ಸಿಪ್ಪೆಯಂತೆ ಸುಲಿದು ಬರುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಶೋನಾ ಕಳೆದ ವಾರ ಏಳು ಕಲ್ಲು ನಿಲ್ಲಿಸಿಟ್ಟಿದ್ದಳು. ಮೇಸ್ತ್ರಿ ಎಲ್ಲರೆದುರೇ ಗೋಡೆ ಕೆಡವಿಸಿದ. ‘ಟಾರ್ಕಿಲ್ ಮಗಳಂತೆ ಇವಳು!’ ಎಂದು ಯಾರೋ ನಕ್ಕಿದ್ದರು. ಆ ನಗು ಇನ್ನೂ ಅವಳ ಕಿವಿ ಬಿಟ್ಟಿರಲಿಲ್ಲ.

ಟಾರ್ಕಿಲ್ ಅವಳನ್ನು ಎಬ್ಬಿಸಿ ಉತ್ತರದ ಗೋಡೆಯ ಮೂಲೆಗೆ ಕರೆದೊಯ್ದ. ಅಲ್ಲಿ ಒಂದೇ ಒಂದು ಕಲ್ಲು ಸುಲಿಸುಲಿದು ಗುಳಿಬಿದ್ದಿತ್ತು. ಅಕ್ಕಪಕ್ಕದವು ಆರುನೂರು ವರ್ಷ ಕಳೆದರೂ ಗಟ್ಟಿಮುಟ್ಟಾಗಿದ್ದವು.

“ಅಯ್ಯೋ ದೇವ್ರೇ, ಯಾವ ದಡ್ಡ ಇಟ್ಟಿದ್ದು ಇದನ್ನ?”

ಟಾರ್ಕಿಲ್ ಕಲ್ಲಿನ ಉಳಿದ ಅಂಚಿನ ಮೇಲೆ ಬೆರಳಿಟ್ಟ. ಬಾಣದ ತಲೆ, ಅದರ ಕೆಳಗೊಂದು ಗೀಟು. ಕಲ್ಲುಕುಟಿಗರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಗುರುತು. ಈ ಗುರುತನ್ನು ಶೋನಾ ಚಿಕ್ಕಂದಿನಿಂದ ಮನೆಬಾಗಿಲ ಕಲ್ಲಿನ ಮೇಲೆ ನೋಡುತ್ತ ಬಂದಿದ್ದಳು.

“ನೀನಾ?”

“ನಾನೇ ಕಣೇ. ಇಪ್ಪತ್ತೆರಡು ವಯಸ್ಸು, ರಿಪೇರಿಗೆ ಬಂದಿದ್ದೆ. ಯಾರೂ ಗಮನಿಸ್ಲಿಲ್ಲ, ನಾನೂ ಬಾಯಿ ಬಿಡ್ಲಿಲ್ಲ. ನಿಂದು ಒಂದೇ ವಾರಕ್ಕೆ ಸಿಕ್ಕಿಬಿತ್ತು, ಪುಣ್ಯವಂತೆ. ನಂದು ನಲವತ್ತು ವರ್ಷದಿಂದ ಇಲ್ಲೇ ನಿಂತು ಅಣಕಿಸ್ತಾ ಇದೆ.”

ಶೋನಾಗೆ ಅಪ್ಪನ ಮೇಲೆ ಎಂದೂ ಇಲ್ಲದಷ್ಟು ಅಕ್ಕರೆ ಉಕ್ಕಿತು. ಬಗ್ಗಿ, ಕಲ್ಲನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದಳು. ಟೊಳ್ಳು ಸದ್ದು.

“ತೆಗೆದು ಬೇರೆ ಕೂರಿಸಬೇಕು. ಟೇಪ್ ಕೊಡಪ್ಪ.”

“ಕೂರಿಸೋರು ಯಾರು? ಸೋಮವಾರದಿಂದ ನೀನು ಕೆಲಸದಲ್ಲೇ ಇರಲ್ವಲ್ಲ!”

“ಮಾತು ಸಾಕು, ಆ ತುದಿ ಹಿಡ್ಕೊ. ಈ ಸಲವಾದ್ರೂ ಸರಿಯಾಗಿ.”

ಅಳತೆ ಬರೆದುಕೊಳ್ಳಲು ಕಾಗದ ಬೇಕಾಯಿತು. ಶೋನಾ ಜೇಬಿನಿಂದ ರಾಜೀನಾಮೆ ಪತ್ರ ತೆಗೆದು, ಗೋಡೆಗೆ ಒತ್ತಿ ಹಿಡಿದು, ಅದರ ಹಿಂಬದಿಯಲ್ಲಿ ಬರೆದಳು: ಉದ್ದ ಹದಿನೆಂಟು ಇಂಚು. ಮಲಗಿಸಿ ಇಡಬೇಕು.